ದೊಡ್ಡವರ ನೋವು ಕಣ್ಣಿಗೆ ಬೀಳುವುದಿಲ್ಲವೇಕೆ?

ಅಪಘಾತದ ಸುದ್ದಿಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ. 'ಮಹಿಳೆಯರು, ಮಕ್ಕಳು ಸೇರಿದಂತೆ 10 ಮಂದಿ ಸಾವು.' ಮಕ್ಕಳು ಅಂದ ಕೂಡಲೇ ಕರುಳು ಚುರುಕ್ ಅನ್ನುತ್ತದೆ. ಆ ಹತ್ತರಲ್ಲಿ ಉಳಿದವರು ಯಾರು? ಸುದ್ದಿ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಈ ವ್ಯತ್ಯಾಸವನ್ನು ಅಮೆರಿಕದ ಬಾಸ್ಟನ್‌ನಲ್ಲಿರುವ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಜ್ಯಾಕ್ ಲೆವಿನ್, ಅರ್ನಾಲ್ಡ್ ಅರ್ಲೂಕ್ ಮತ್ತು ಅವರ ಸಹೋದ್ಯೋಗಿಯೊಬ್ಬರು ಪರೀಕ್ಷೆಗೆ ಒಡ್ಡಿದರು. 256 ವಿದ್ಯಾರ್ಥಿಗಳಿಗೆ ಒಂದು ಕಲ್ಪಿತ ಪತ್ರಿಕಾ ವರದಿ ಕೊಟ್ಟರು. ಯಾರೋ ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದಿದ್ದಾರೆ. ಪೊಲೀಸರು ಬಂದಾಗ ಒಂದು ಕಾಲು ಮುರಿದಿದೆ, ಮೈತುಂಬಾ ಗಾಯ, ಪ್ರಜ್ಞೆ ಇಲ್ಲ. ಏಟು ತಿಂದವರು ಯಾರು ಎಂಬುದಷ್ಟೇ ಬೇರೆ ಬೇರೆ: ಕೆಲವರ ಕೈಗೆ ಸಿಕ್ಕ ವರದಿಯಲ್ಲಿ ಒಂದು ವರ್ಷದ ಮಗು, ಕೆಲವರದರಲ್ಲಿ 30 ವರ್ಷದ ವ್ಯಕ್ತಿ, ಇನ್ನು ಕೆಲವರದರಲ್ಲಿ ನಾಯಿಮರಿ ಅಥವಾ ಆರು ವರ್ಷದ ನಾಯಿ.

2017ರಲ್ಲಿ ಪ್ರಕಟವಾದ ಫಲಿತಾಂಶ ಓದಿದಾಗ ನನಗೆ ಮನಸ್ಸು ಭಾರವಾಯಿತು. ಎಲ್ಲರಿಗಿಂತ ಕಡಿಮೆ ಮರುಕ ಸಿಕ್ಕಿದ್ದು 30 ವರ್ಷದ ಮನುಷ್ಯನಿಗೆ. ಬೆಳೆದ ನಾಯಿಗೂ ಅವನಿಗಿಂತ ಜಾಸ್ತಿ ಸಿಕ್ಕಿತ್ತು.

ಪುಟ್ಟವರನ್ನು ಕಂಡರೆ ಮನಸ್ಸು ಕರಗುವುದಕ್ಕೆ ಹಳೆಯ ವಿವರಣೆಯೊಂದಿದೆ. ದೊಡ್ಡ ತಲೆ, ಅಗಲವಾದ ಕಣ್ಣು, ಉಬ್ಬಿದ ಕೆನ್ನೆ ನೋಡಿದರೆ ಎತ್ತಿಕೊಂಡು ಕಾಪಾಡಬೇಕು ಅನಿಸುತ್ತದೆ ಎಂದು ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲೇ ಬರೆದಿದ್ದರು. ಆದರೆ ಬೆಳೆದ ನಾಯಿಗೆ ಆ ಮುಖ ಎಲ್ಲಿದೆ? ಹಾಗಾಗಿ ಮುಖವೊಂದೇ ಕಾರಣವಲ್ಲ. ಲೆವಿನ್ ಮತ್ತು ಅವರ ಜೊತೆಗಾರರ ಪ್ರಕಾರ, ನಾಯಿಗೆ ವಯಸ್ಸೆಷ್ಟೇ ಆದರೂ ಸಾಕಿದವರಿಗೆ ಅದು ಮನೆಯ ಮಗುವೇ. ಅದು ತನ್ನನ್ನು ತಾನು ನೋಡಿಕೊಳ್ಳಲಾರದು ಎಂದುಕೊಳ್ಳುತ್ತೇವೆ. ಬೆಳೆದ ಮನುಷ್ಯನಾದರೆ? ಓಡಬಹುದಿತ್ತು, ಕೂಗಬಹುದಿತ್ತು, ತಿರುಗಿ ಹೊಡೆಯಬಹುದಿತ್ತು ಅಲ್ವಾ, ಅನ್ನುತ್ತದೆ ಮನಸ್ಸು.

ನನಗೆ ಆತಂಕ ಹುಟ್ಟಿಸುವುದು ಈ 'ಬಹುದಿತ್ತು'. ಇಲ್ಲಿಂದ ದೂರುವುದಕ್ಕೆ ಒಂದೇ ಹೆಜ್ಜೆ. ಬೈಕ್ ಅಪಘಾತವಾದರೆ 'ಕುಡಿದಿದ್ದನೇನೋ' ಅನ್ನುತ್ತೇವೆ. ದುಡ್ಡು ಕಳೆದುಕೊಂಡು ಬಂದವರಿಗೆ 'ಅಷ್ಟೂ ಗೊತ್ತಾಗ್ಲಿಲ್ವಾ?' ಅನ್ನುತ್ತೇವೆ. ಮಗುವಿನ ವಿಷಯದಲ್ಲಿ ಇಂಥ ಪ್ರಶ್ನೆ ನಾಲಿಗೆಗೇ ಬರುವುದಿಲ್ಲ.

ಹೀಗೆ ದೂರುವವರೆಲ್ಲ ಕಟುಕರಲ್ಲ. ಮೆಲ್ವಿನ್ ಲರ್ನರ್ ಎಂಬ ಮನಶ್ಶಾಸ್ತ್ರಜ್ಞರು ಸಹೋದ್ಯೋಗಿಯ ಜೊತೆ ನಡೆಸಿ 1966ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬೇರೆಯೇ ಕಾರಣ ಕೊಡುತ್ತದೆ. ಒಬ್ಬ ಯುವತಿ ತಪ್ಪು ಉತ್ತರ ಕೊಟ್ಟಾಗಲೆಲ್ಲ ಕರೆಂಟ್ ಶಾಕ್ ತಿನ್ನುವುದನ್ನು ವಿದ್ಯಾರ್ಥಿನಿಯರು ನೋಡಿದರು. ಶಾಕ್ ನಿಜವಾದದ್ದಲ್ಲ, ನಟನೆ. ನೋಡುವವರಿಗೆ ಅದು ಗೊತ್ತಿರಲಿಲ್ಲ. ಆಮೇಲೆ ಆ ಯುವತಿಯ ಬಗ್ಗೆ ಅಭಿಪ್ರಾಯ ಕೇಳಿದರು. ಅವಳ ಕಷ್ಟ ಇನ್ನೂ ಮುಂದುವರಿಯುತ್ತದೆ ಅಂದುಕೊಂಡವರು ಅವಳನ್ನು ಕೀಳಾಗಿ ಕಂಡರು. ತಪ್ಪಿಲ್ಲದವರಿಗೂ ಹೀಗಾಗುತ್ತದೆ ಎಂದರೆ ನಾಳೆ ನಮಗೂ ಆಗಬಹುದು. ಆ ಭಯಕ್ಕಿಂತ ಅವಳಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುವುದು ಸುಲಭ.

ಅದೇ ಪ್ರಯೋಗದಲ್ಲಿ ಇನ್ನೊಂದು ಗುಂಪಿತ್ತು. ಶಾಕ್ ನಿಲ್ಲಿಸಿ ಅವಳಿಗೆ ಬಹುಮಾನ ಕೊಡಿಸಲು ಅವರು ಮತ ಹಾಕಬಹುದಿತ್ತು. ಹೆಚ್ಚುಕಡಿಮೆ ಎಲ್ಲರೂ ಹಾಕಿದರು. ತಮ್ಮ ಮತದಿಂದ ಅವಳು ಪಾರಾದಳು ಎಂದು ತಿಳಿದವರು ಅವಳನ್ನು ಅಷ್ಟಾಗಿ ಕೀಳಾಗಿ ಕಾಣಲಿಲ್ಲ.