ನೆಲದ ಆರ್ಕಿಡ್‌ಗೆ ಧಾರವಾಡದಲ್ಲಿ ಹಸಿರುಮನೆ ಏಕೆ?

ಯುರೋಪಿನಲ್ಲಿ ಆರ್ಕಿಡ್‌ಗೆ ಹಸಿರುಮನೆ ಕಟ್ಟುವುದು ಚಳಿಗೆ ಹೆದರಿ. ಹುಬ್ಬಳ್ಳಿ-ಧಾರವಾಡದಲ್ಲಿ ಆ ಭಯವಿಲ್ಲ. ಇಲ್ಲಿ ಮರದ ಮೇಲಲ್ಲದೆ ಮಣ್ಣಿನಲ್ಲಿ ಬೆಳೆಯುವ ನೆಲದ ಆರ್ಕಿಡ್‌ಗಳನ್ನು ಕೊಲ್ಲುವುದು ಅಕ್ಟೋಬರಿನ ಹಿಂಗಾರಿ ಮತ್ತು ಏಪ್ರಿಲ್‌ನ ಅಡ್ಡಮಳೆ.

ಇಂಥ ನೆಲದ ಆರ್ಕಿಡ್ ಆದ ಹಬೆನೇರಿಯಾ ಜಾತಿಯ ಗಿಡ ಮುಂಗಾರು ಹಿಡಿದಾಗ ಚಿಗುರಿ, ಮಳೆಗಾಲದಲ್ಲೇ ಹೂ ಬಿಡುತ್ತದೆ. ಎಲೆ ಹಳದಿಯಾಗುವ ಹೊತ್ತಿಗೆ ಹಳೆಯ ಗಡ್ಡೆ ಸೊರಗಿ, ಪಕ್ಕದಲ್ಲಿ ಹೊಸದೊಂದು ಬಲಿತಿರುತ್ತದೆ. ಈ ಹೊಸ ಗಡ್ಡೆಗೆ ಬೇರಿಲ್ಲ. ಕುಂಡಕ್ಕೆ ಹಾಕಿದ ನೀರನ್ನು ಅದು ಎಳೆದುಕೊಳ್ಳಲಾರದು, ಆ ತೇವದಲ್ಲೇ ಕೊಳೆಯುತ್ತದೆ. ಬರೀ ನೆರಳುಬಲೆ ಕಟ್ಟಿದವರು ಸೋಲುವುದು ಇಲ್ಲೇ. ಬಲೆ ಬಿಸಿಲು ತಡೆದೀತು, ಮಳೆ ತಡೆಯದು. ಆದ್ದರಿಂದ ಮೇಲೆ 200 ಮೈಕ್ರಾನ್ ಪಾಲಿಥೀನ್ ಹಾಳೆ, ಅದರಡಿ ಶೇ. 50ರ ನೆರಳುಬಲೆ ಬೇಕು. ಸುತ್ತಲಿನ ಬದಿಗಳು ತೆರೆದೇ ಇರಲಿ. ಹೊರಗೆ 38 ಡಿಗ್ರಿ ಇರುವ ಮಧ್ಯಾಹ್ನ ಮುಚ್ಚಿದ ಪಾಲಿಹೌಸ್ 45 ದಾಟುವುದು ಸುಲಭ, ಗಾಳಿಯಾಡದ ಕಡೆ ಎಲೆಬುಡ ಕೊಳೆರೋಗವೂ ತಪ್ಪದು.

ಹತ್ತಿಗೆ ಒಗ್ಗುವ ನಮ್ಮ ಎರೆಮಣ್ಣು ಈ ಗಿಡಕ್ಕೆ ಒಗ್ಗುವುದಿಲ್ಲ. ಹಸಿಯಾದರೆ ಉಬ್ಬಿ ಗಾಳಿಯ ದಾರಿ ಮುಚ್ಚುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಜರಡಿ ಹಿಡಿದ 2ರಿಂದ 4 ಮಿ.ಮೀ. ಗರಸು ಅಥವಾ ಇಟ್ಟಿಗೆ ಚೂರು 4 ಪಾಲು, ದಪ್ಪ ಉಸುಕು 2, ಚೆನ್ನಾಗಿ ಕಳಿತ ಎಲೆಗೊಬ್ಬರ 2, ಕೊಕೊಪೀಟ್ (ತೆಂಗಿನ ನಾರಿನ ಪುಡಿ) 1 ಪಾಲು ಕಲಸಿ. ಕೊಕೊಪೀಟನ್ನು ಮೂರು ನೀರಿನಲ್ಲಿ ತೊಳೆಯಿರಿ. ಇಲ್ಲವಾದರೆ ಅದರ ಉಪ್ಪು ಬೇರಿನ ತುದಿ ಸುಡುತ್ತದೆ. 15 ಸೆಂ.ಮೀ. ಆಳದ ಮಣ್ಣಿನ ಕುಂಡದಲ್ಲಿ, ಮೊಗ್ಗು ಮೇಲಾಗಿ, ಗಡ್ಡೆಯನ್ನು 3ರಿಂದ 4 ಸೆಂ.ಮೀ. ಆಳದಲ್ಲಿಡಿ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಕಂದುತ್ತದೆ. ಮಳೆನೀರೇ ಲೇಸು. 100 ಚದರ ಮೀಟರ್ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸಾವಿರ ಲೀಟರ್. ನಾಲ್ಕು ಒಳ್ಳೆಯ ಮಳೆ ಹಿಡಿದರೂ ಸಣ್ಣ ಹಸಿರುಮನೆಗೆ ಬಹಳ ದಿನ ಸಾಕು. ಎಲೆ ಬೆಳೆಯುವಾಗ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ, ಲೀಟರಿಗೆ ಅರ್ಧ ಗ್ರಾಮ್, ಹದಿನೈದು ದಿನಕ್ಕೊಮ್ಮೆ. ಹೂ ಬಾಡಿದ ಮೇಲೆ ಗೊಬ್ಬರ ನಿಲ್ಲಿಸಿ, ಎಲೆ ಹಳದಿಯಾದಂತೆ ನೀರನ್ನೂ ಇಳಿಸುತ್ತ ಬನ್ನಿ.

ಡಿಸೆಂಬರಿನಿಂದ ಮೇವರೆಗೆ ಕುಂಡ ಒಣಗಿರಲಿ, ಆದರೆ ಕಾದ ಹಂಚಿನಂತಾಗಬಾರದು. ಕುಂಡಗಳನ್ನು ಉಸುಕಿನಲ್ಲಿ ಅರ್ಧ ಹುಗಿದು, ಮೂರು ವಾರಕ್ಕೊಮ್ಮೆ ಆ ಉಸುಕನ್ನಷ್ಟೇ ತೋಯಿಸಿದರೆ ಗಡ್ಡೆ ಸುಕ್ಕುವುದಿಲ್ಲ. ಮೊಳಕೆ ಕಣ್ಣಿಗೆ ಬೀಳುವ ತನಕ ಮೇಲಿನಿಂದ ನೀರು ಬೇಡ. ಆ ಮೊಳಕೆಗೆ ಬಸವನಹುಳು ಕಾದೇ ಇರುತ್ತದೆ. ಅದರ ಬೇಟೆ ರಾತ್ರಿ ಬ್ಯಾಟರಿ ಹಿಡಿದು ಮಾಡಬೇಕಾದ ಕೆಲಸ.

ಕಾಡಿನಿಂದ ಕಿತ್ತು ತರಬೇಡಿ. ಎಲ್ಲ ಆರ್ಕಿಡ್‌ಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ನಿರ್ಬಂಧವಿದೆ. ಬೀಜದಿಂದ ಬೆಳೆಸುವುದೂ ಮನೆಯಲ್ಲಾಗುವ ಮಾತಲ್ಲ. ಧೂಳಿನಂಥ ಆ ಬೀಜದಲ್ಲಿ ಆಹಾರದ ಗಂಟಿಲ್ಲ, ಮಣ್ಣಿನ ಶಿಲೀಂಧ್ರವೊಂದು ಉಣಿಸಿದರೆ ಮಾತ್ರ ಮೊಳೆಯುತ್ತದೆ. 1922ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್ (ಕಡಲಪಾಚಿಯ ಲೋಳೆ) ಮೇಲೆ ಶಿಲೀಂಧ್ರವಿಲ್ಲದೆ ಆರ್ಕಿಡ್ ಬೀಜ ಮೊಳೆಸಿ ತೋರಿಸಿದರು. ಪ್ರಯೋಗಾಲಯದ ಸಸಿಗಳು ಇಂದಿಗೂ ಆ ದಾರಿಯಲ್ಲೇ ಬರುತ್ತಿವೆ.

ಹೊಸಬರು ಸ್ಪಾಥೊಗ್ಲಾಟಿಸ್ ಪ್ಲಿಕೇಟಾ ಎಂಬ ನೆಲದ ಆರ್ಕಿಡ್ಡಿನಿಂದ ಶುರುಮಾಡುವುದು ಒಳ್ಳೆಯದು. ಅದು ವರ್ಷವಿಡೀ ಹಸಿರು, ಬೇಸಿಗೆಯಲ್ಲೂ ನೀರು ಕೇಳುತ್ತದೆ. ಹಾಗಾಗಿ ಮಲಗಿದ ಗಡ್ಡೆಗಳ ಸಾಲಿನಲ್ಲಿ ಅದನ್ನು ಇಡದೆ, ಬೇರೆ ಕಟ್ಟೆ ಕೊಡಿ.