ಬೆನ್ನುಮೂಳೆಯೊಳಗೆ ಗಾಳಿಗುಳ್ಳೆ: ತೆಗೆಸಬೇಕೆ?

ಪ್ರಶ್ನೆ: ಕುತ್ತಿಗೆ ನೋವೆಂದು ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ಕುತ್ತಿಗೆಯ ಐದನೇ ಕಶೇರುವಿನಲ್ಲಿ 6 ಮಿ.ಮೀ.ನ ‘ಇಂಟ್ರಾಆಸಿಯಸ್ ನ್ಯೂಮಟೋಸಿಸ್ಟ್’ ಇದೆ ಎಂದು ವರದಿಯಲ್ಲಿದೆ. ಮೂಳೆಯೊಳಕ್ಕೆ ಗಾಳಿ ಹೋಗುವುದಾದರೂ ಹೇಗೆ? ಆಪರೇಷನ್ ಬೇಕೆ?

ಉತ್ತರ: ಬೇಡ. ಅದು ನಿಜಕ್ಕೂ ನ್ಯೂಮಟೋಸಿಸ್ಟೇ ಆಗಿದ್ದರೆ ಗಂತಿಯೂ ಅಲ್ಲ, ಸೋಂಕೂ ಅಲ್ಲ. ಮೂಳೆಯೊಳಗಿನ ಒಂದು ಪೊಳ್ಳು, ಅದರಲ್ಲಿ ಅನಿಲ, ಅಷ್ಟೇ. ಆ ‘ಆಗಿದ್ದರೆ’ಯನ್ನು ಖಾತ್ರಿ ಮಾಡಿಕೊಳ್ಳುವುದೇ ಇಲ್ಲಿರುವ ಕೆಲಸ.

ಒಳಗಿರುವುದು ಬಹುಪಾಲು ಸಾರಜನಕ. ಹೊರಗಿನಿಂದ ನುಗ್ಗಿದ್ದಲ್ಲ, ಮೈಯೊಳಗೇ ಕರಗಿದ್ದದ್ದು. ಬೆರಳಿನ ನೆಟಿಗೆ ಮುರಿಯುವಾಗ ಕೀಲು ಹಿಗ್ಗಿ, ಒಳಗಿನ ಒತ್ತಡ ಕುಸಿದು, ದ್ರವದಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗುತ್ತದಲ್ಲ, ಕಶೇರುಗಳ ನಡುವಿನ ಮೆತ್ತೆಯಾದ ಡಿಸ್ಕ್ ಸವೆದಾಗಲೂ ಹಾಗೆಯೇ. ಡಿಸ್ಕ್ ಒಣಗಿ ಬಿರುಕು ಬಿಟ್ಟಾಗ ಆ ಬಿರುಕಿನಲ್ಲಿ ಅನಿಲ ಸೇರುತ್ತದೆ. ಡಿಸ್ಕಿಗೂ ಮೂಳೆಗೂ ನಡುವಿನ ಎಂಡ್‌ಪ್ಲೇಟ್ ಎಂಬ ತೆಳುಪದರದಲ್ಲಿ ಸಣ್ಣ ಸೀಳಿದ್ದರೆ ಅಲ್ಲಿಂದ ಮೂಳೆಯೊಳಕ್ಕೆ ಇಳಿಯುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಸ್ಕ್ಯಾನಿನಲ್ಲಿ ಪೊಳ್ಳಿನ ಪಕ್ಕದ ಡಿಸ್ಕಿನಲ್ಲೂ ಕಪ್ಪು ಗೆರೆ ಕಂಡರೆ ಮೂಲ ಸಿಕ್ಕಂತೆಯೇ. ಆದರೆ ಆ ಗೆರೆ ಇಲ್ಲದ ಪೊಳ್ಳುಗಳೂ ಉಂಟು. ಸೊಂಟದ ಇಲಿಯಮ್ ಮೂಳೆಯಲ್ಲಿ, ಹಿಂಭಾಗದ ಕೀಲಿನ ಬಳಿ, ಇಂಥವು ಹೆಚ್ಚು. ಬೆನ್ನುಮೂಳೆಯಲ್ಲಿ ಕುತ್ತಿಗೆಯ ಭಾಗದಲ್ಲಿ ಹೆಚ್ಚು.

ಇನ್ನು ಗುರುತಿಸುವ ಬಗೆ. ಸಿ.ಟಿ.ಯ ಹೌನ್ಸ್‌ಫೀಲ್ಡ್ ಎಂಬ ಅಳತೆಯಲ್ಲಿ ನೀರಿನ ಸಾಂದ್ರತೆ 0, ಕೊಬ್ಬಿನದು ಮೈನಸ್ 100ರ ಆಸುಪಾಸು, ಗಾಳಿಯದು ಮೈನಸ್ 1000. ಮೆದು ಅಂಗಾಂಶ ನೋಡುವ ಸೆಟ್ಟಿಂಗಿನಲ್ಲಿ ಕೊಬ್ಬೂ ಗಾಳಿಯೂ ಕಪ್ಪಾಗಿಯೇ ಕಾಣುತ್ತವೆ, ಕಣ್ಣಂದಾಜು ನಂಬುವಂತಿಲ್ಲ. ಪೊಳ್ಳಿನ ನಟ್ಟನಡುವೆ, ಅಂಚಿಗೆ ತಾಗದಂತೆ ಪುಟ್ಟ ವೃತ್ತ ಹಾಕಿ ಅಳೆಯಬೇಕು. ಮೈನಸ್ 500ಕ್ಕಿಂತ ಕೆಳಗಿದ್ದರೆ ಅದು ಅನಿಲವೇ. ಎಡವಟ್ಟಾಗುವುದು ಸ್ಲೈಸಿನ, ಅಂದರೆ ಸ್ಕ್ಯಾನ್ ಚಿತ್ರದ ಒಂದೊಂದು ಪದರದ, ದಪ್ಪದಲ್ಲಿ: 5 ಮಿ.ಮೀ. ಸ್ಲೈಸಿನಲ್ಲಿ 6 ಮಿ.ಮೀ. ಗುಳ್ಳೆಯ ಜೊತೆ ಸುತ್ತಲಿನ ಮೂಳೆಯೂ ಸೇರಿ ಸರಾಸರಿ ಲೆಕ್ಕವಾಗುತ್ತದೆ, ಅನಿಲವೇ ಕೊಬ್ಬಿನಂತೆ ಅಳತೆ ಕೊಡುತ್ತದೆ. 1 ಮಿ.ಮೀ. ಸ್ಲೈಸಿನಲ್ಲೇ ಅಳೆದಿದ್ದಾರೆಯೇ ಎಂದು ರೇಡಿಯಾಲಜಿಸ್ಟ್‌ರನ್ನು ಕೇಳಿ, ಸಂಕೋಚ ಬೇಡ. ಜೊತೆಗೆ ಗುಳ್ಳೆಯ ಸುತ್ತ ಬಳೆಯಂತೆ ತೆಳುವಾದ ಗಟ್ಟಿ ಅಂಚು ಇರಬೇಕು, ಮೂಳೆಯ ಹೊರಪದರ ಒಡೆದಿರಬಾರದು.

ಎಂ.ಆರ್.ಐ. ಮಾತ್ರ ಮಾಡಿಸಿದವರಿಗೆ ಗೊಂದಲ ಜಾಸ್ತಿ. ಅಲ್ಲಿ ಅನಿಲ ಎಲ್ಲ ಚಿತ್ರಗಳಲ್ಲೂ ಕಡುಗಪ್ಪು. ಗಟ್ಟಿಗೊಂಡ ಮೂಳೆಯೂ ಕಪ್ಪೇ. ಕ್ಯಾನ್ಸರ್ ಹರಡಿ ಮೂಳೆ ಗಟ್ಟಿಯಾಗಿದೆಯೇ ಎಂಬ ಅನುಮಾನ ಹುಟ್ಟುವುದು ಇಲ್ಲಿಂದಲೇ. ಬಯಾಪ್ಸಿಗೆ ಮೊದಲು ಒಂದು ಸಿ.ಟಿ. ಮಾಡಿದರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಹೆದರಬೇಕಾದ ಅನಿಲವೂ ಇದೆ. ಅನಿಲ ಹುಟ್ಟಿಸುವ ಬ್ಯಾಕ್ಟೀರಿಯಾ ಮೂಳೆಗೆ ಹತ್ತಿದರೆ ಅಂಚಿಲ್ಲದ, ಅಡ್ಡಾದಿಡ್ಡಿ ಸಣ್ಣ ಗುಳ್ಳೆಗಳ ಗುಂಪು ಕಾಣುತ್ತದೆ. ಜ್ವರ, ರಕ್ತ ಪರೀಕ್ಷೆಯಲ್ಲಿ ಏರಿದ ಸಿ.ಆರ್.ಪಿ. (ಉರಿಯೂತದ ಸೂಚಕ), ರಾತ್ರಿಯೂ ಬಿಡದ ನೋವು ಜೊತೆಗಿರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದನ್ನು ತುರ್ತಾಗಿ ನೋಡಬೇಕು. ಮೂಳೆ ಸವಕಳಿಯಾದ ವಯಸ್ಸಾದವರಲ್ಲಿ ಕುಸಿದ ಕಶೇರುವಿನ ನಡುವೆ ಅಡ್ಡ ಸೀಳಿನಂತೆ ಅನಿಲ ನಿಂತಿದ್ದರೆ ಅದು ಕೂಡದೆ ಉಳಿದ ಮುರಿತ, ಕ್ಯೂಮೆಲ್ ಕಾಯಿಲೆ. ಅದಕ್ಕೆ ಬೇರೆಯೇ ಚಿಕಿತ್ಸೆ.

ನಿಮ್ಮ ನೋವಿಗೆ ಈ ಗುಳ್ಳೆ ಕಾರಣವಾಗಿರುವ ಸಾಧ್ಯತೆ ಕಡಿಮೆ. ಪಕ್ಕದ ಸವೆದ ಡಿಸ್ಕ್, ಕೀಲು, ಸ್ನಾಯು ಇವುಗಳತ್ತ ವೈದ್ಯರ ಗಮನ ಹೋಗಲಿ. ಕೈಗೆ ಜೋಮು ಅಥವಾ ಹಿಡಿತದಲ್ಲಿ ಸೋಲು ಕಂಡರೆ ತಡಮಾಡದೆ ತೋರಿಸಿ. ಅದು ನರದ ಮಾತು, ಗುಳ್ಳೆಯದಲ್ಲ.

ಸ್ಕ್ಯಾನಿನ ಸಿ.ಡಿ. ಜೋಪಾನವಾಗಿಡಿ. ಈ ಗುಳ್ಳೆಗಳು ವರ್ಷಗಟ್ಟಲೆ ಹಾಗೇ ಇರಬಹುದು, ತುಸು ಬೆಳೆಯಬಹುದು. ಕೆಲವಂತೂ ಅನಿಲ ಹೋಗಿ ದ್ರವ ತುಂಬಿಕೊಳ್ಳುತ್ತವೆ. ಆಗ ಮುಂದಿನ ವರದಿಯಲ್ಲಿ ‘ಹೊಸ ಸಿಸ್ಟ್’ ಎಂದು ಬರೆದುಬಿಡಬಹುದು. ಹಳೆಯ ಸಿ.ಡಿ. ಪಕ್ಕದಲ್ಲಿಟ್ಟು ನೋಡಿದರೆ ಅದು ಹಳೆಯ ಗುಳ್ಳೆಯೇ ಎಂದು ತಿಳಿಯುತ್ತದೆ.