ಹೆಣಗಳ ನಡುವೆ ನಡೆದ ದುರ್ಯೋಧನ: ಗದಾಯುದ್ಧ ಓದುವವರಿಗೆ ಒಂದು ಟಿಪ್ಪಣಿ

ಭೀಮ ದುರ್ಯೋಧನರ ಕೊನೆಯ ಕಾಳಗವನ್ನು ಹೇಳುವ ರನ್ನನ ಹಳಗನ್ನಡ ಕಾವ್ಯ ಗದಾಯುದ್ಧದ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಾವು ಬರೆಯುವ ಉತ್ತರ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ದುರ್ಯೋಧನ ಛಲದಂಕಮಲ್ಲ (ಛಲಕ್ಕೇ ಹೆಸರಾದ ವೀರ), ಮಹಾನುಭಾವ, ದುರಂತ ನಾಯಕ. ಎರಡು ಪದ್ಯ ಬಾಯಿಪಾಠ. ಅಲ್ಲಿಗೆ ಮುಗಿಯಿತು. ಆದರೆ ಆ ಛಲ ಎಲ್ಲಿಂದ ಬಂತು, ಎಲ್ಲಿ ಬಲಿಯಿತು ಎಂದು ಯಾರೂ ಬರೆಯುವುದಿಲ್ಲ. ಈ ಟಿಪ್ಪಣಿ ಅದರ ಬಗ್ಗೆಯೇ. ಪದವಿಯಲ್ಲಿ ಐಚ್ಛಿಕ ಕನ್ನಡ ಓದುವವರಿಗೂ, ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್‌ಗೆ ಕೂತವರಿಗೂ ಉಪಯೋಗ ಆದೀತು.

ಮೊದಲು ಹಿನ್ನೆಲೆ, ಬೇಗ ಮುಗಿಸೋಣ. ರನ್ನ ಹುಟ್ಟಿದ್ದು 949ರಲ್ಲಿ, ಮುದುವೊಳಲಿನಲ್ಲಿ, ಅಂದರೆ ಈಗಿನ ಮುಧೋಳದಲ್ಲಿ. ಬಳೆಗಾರರ ಮನೆತನ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ದಾನಕ್ಕೆ ಹೆಸರಾದ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಎಂಬ ಜೈನ ಕಾವ್ಯ ಮುಗಿಸಿದ. ಚಾಲುಕ್ಯ ಅರಸ ತೈಲಪ ಅವನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ. ಗದಾಯುದ್ಧಕ್ಕೆ ಸಾಹಸಭೀಮವಿಜಯ ಎಂಬ ಇನ್ನೊಂದು ಹೆಸರಿದೆ. ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನ ಜೊತೆ ಸಮೀಕರಿಸಿ ಬರೆದ ಹತ್ತು ಆಶ್ವಾಸಗಳ (ಅಧ್ಯಾಯಗಳ) ಚಂಪೂಕಾವ್ಯ, ಅಂದರೆ ಗದ್ಯ ಪದ್ಯ ಬೆರೆತ ಕಾವ್ಯ ಇದು.

ಕಲಬುರಗಿ ಜಿಲ್ಲೆಯ ನಮಗೆ ಇಲ್ಲಿ ಒಂದು ವಿಷಯ ಮುಖ್ಯ. ತೈಲಪ ಗೆದ್ದು ಕೂತದ್ದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ. ಅದೇ ನಮ್ಮ ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ಹೊಳೆ ದಂಡೆಯ ಊರು. ರಾಜಧಾನಿ ಕಲ್ಯಾಣಕ್ಕೆ, ಅಂದರೆ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋದದ್ದು ಆಮೇಲೆ. 972ರಲ್ಲಿ ಮಾಳವದ ಪರಮಾರ ಅರಸ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಮರುವರ್ಷ ತೈಲಪ ರಾಷ್ಟ್ರಕೂಟರನ್ನು ಇಳಿಸಿ ಪಟ್ಟಕ್ಕೆ ಬಂದ. ಆಗ ರನ್ನನಿಗೆ ಇಪ್ಪತ್ತನಾಲ್ಕರ ಆಸುಪಾಸು. ದೊಡ್ಡ ಅರಸುಮನೆಯೊಂದು ಕಣ್ಣೆದುರೇ ಕುಸಿದ ಕಾಲದಲ್ಲಿ ಬೆಳೆದ ಕವಿ ಅವನು. ಗೆದ್ದವರ ಆಸ್ಥಾನದಲ್ಲಿ ಕೂತು ಸೋತವನಿಗೆ ಇಷ್ಟು ಜಾಗ ಕೊಟ್ಟನಲ್ಲ, ಅದಕ್ಕೂ ಇದಕ್ಕೂ ನಂಟು ಇದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಇದನ್ನು ಇತಿಹಾಸ ಅಂತ ಬರೆಯಬೇಡಿ, ನಿಮ್ಮ ಅಭಿಪ್ರಾಯ ಅಂತ ಬರೆಯಿರಿ.

ಇನ್ನು ಸಿಂಹಾವಲೋಕನ ಕ್ರಮ, ಅಂದರೆ ಸಿಂಹ ಹಿಂದಿರುಗಿ ನೋಡುವ ಹಾಗೆ ಹಿಂದಿನ ಕಥೆಯನ್ನು ನೆನೆಯುತ್ತ ಹೋಗುವ ರೀತಿ. ಮಹಾಭಾರತ ಯುದ್ಧದ ಕೊನೆಯ ದಿನವನ್ನು ಮಾತ್ರ ರನ್ನ ಹಿಡಿದುಕೊಂಡಿದ್ದಾನೆ. ಹಿಂದಿನ ಕಥೆಯೆಲ್ಲ ಪಾತ್ರಗಳ ಮಾತಿನಲ್ಲಿ ಬರುತ್ತದೆ. ಇದನ್ನು ಸುಮ್ನೆ ತಂತ್ರ ಅಂತ ಬರೆದು ಮುಂದೆ ಹೋಗಬೇಡಿ. ಹಿಂದಿನದನ್ನು ನೆನೆಯುವವರು ಯಾರು ಎಂದು ನೋಡಿ. ಭೀಮ ಮತ್ತು ದ್ರೌಪದಿ ನೆನೆಯುವುದು ಅವಮಾನವನ್ನು. ದುರ್ಯೋಧನ ನೆನೆಯುವುದು ಸತ್ತವರನ್ನು. ಪಾತ್ರಗಳ ವ್ಯತ್ಯಾಸ ಇಲ್ಲಿಂದಲೇ ಶುರು.

ರಣರಂಗದ ನಡಿಗೆ

ಧೃತರಾಷ್ಟ್ರ ಗಾಂಧಾರಿ ಬಂದು ಸಂಧಿ ಮಾಡಿಕೋ ಮಗನೇ ಎನ್ನುತ್ತಾರೆ. ದುರ್ಯೋಧನ ಒಪ್ಪುವುದಿಲ್ಲ. ಹೋಗಲಿ, ಭೀಷ್ಮನನ್ನಾದರೂ ಕೇಳು ಎಂದು ಕಳಿಸುತ್ತಾರೆ. ಶರಶಯ್ಯೆಯ ಮೇಲಿರುವ ಭೀಷ್ಮನ ಹತ್ತಿರ ಹೋಗಬೇಕಾದರೆ ರಣರಂಗ ದಾಟಬೇಕು. ಸಂಜಯ ಜೊತೆಗಿದ್ದಾನೆ. ಕಾಲಿಟ್ಟಲ್ಲಿ ಹೆಣ. ಹನ್ನೊಂದು ಅಕ್ಷೋಹಿಣಿಯ ಒಡೆಯ ಈಗ ಹೆಣಗಳ ನಡುವೆ ದಾರಿ ಹುಡುಕುತ್ತಾನೆ. ಇಡೀ ಕಾವ್ಯದ ಜೀವ ಈ ನಡಿಗೆಯಲ್ಲಿದೆ ಎಂಬುದು ನನ್ನ ಓದು. ಗದೆಯ ಕಾಳಗಕ್ಕಿಂತಲೂ ಇದೇ ದೊಡ್ಡದು.

ಅಭಿಮನ್ಯುವಿನ ಎದುರು ಅವನು ಕೈಮುಗಿದ ಹಾಗೆ ಮಾತಾಡುತ್ತಾನೆ. ಶತ್ರುವಿನ ಮಗ, ಹಲವರು ಸೇರಿ ಕೊಂದ ಹುಡುಗ. ನಿನ್ನ ಪರಾಕ್ರಮ ಬೇರೆಯವರಿಗೆ ಆಗದ ಮಾತು, ನಾನು ಕೇಳುವುದು ಇಷ್ಟೇ, ನಿನ್ನ ಸಾಹಸದ ಒಂದು ಪಾಲಿಗಾದರೂ ಒಪ್ಪುವ ಸಾವು ನನಗೆ ಬರಲಿ ಎನ್ನುತ್ತಾನೆ. ಈ ಪದ್ಯವನ್ನು ಗುಣಗ್ರಾಹಿತ್ವ ಎಂಬ ತಲೆಬರಹದ ಕೆಳಗೆ ಹಾಕಿ ಬಿಡುವುದು ರೂಢಿ. ಗುಣಗ್ರಾಹಿ ಹೌದು. ಆದರೆ ಅವನು ಕೇಳುತ್ತಿರುವುದು ಸಾವನ್ನು ಎಂಬುದು ಗಮನಕ್ಕೆ ಬರಬೇಕು. ಇಲ್ಲಿಗಾಗಲೇ ಗೆಲುವಿನ ಮಾತು ಬಿಟ್ಟಿದ್ದಾನೆ.

ಮುಂದೆ ಸ್ವಂತ ಮಗ ಲಕ್ಷಣಕುಮಾರ.

ಜನಕಂಗೆ ಜಲಾಂಜಲಿಯಂ
ತನೂಭವಂ ಕುಡುವುದುಚಿತಮದುಗೆಟ್ಟೀಗಳ್
ನಿನಗಾಂ ಕುಡುವಂತಾದುದೆ
ತನೂಜ ನೀಂ ಕ್ರಮವಿಪರ್ಯಯಂ ಮಾಡುವುದೇ

ಅಪ್ಪನಿಗೆ ಮಗ ತರ್ಪಣ ಬಿಡಬೇಕು, ಅದು ಸರಿ. ಅದು ಕೆಟ್ಟು ನಿನಗೆ ನಾನು ಬಿಡುವ ಹಾಗಾಯಿತೇ? ಮಗನೇ, ನೀನು ಸರದಿ ತಪ್ಪಿಸಬಹುದೇ? ಗಮನಿಸಿ, ಇಲ್ಲಿ ಕೂಗಾಟ ಇಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಮಗನಿಗೆ ಮೆಲ್ಲಗೆ ಗದರಿದಂತಿದೆ. ಬದುಕಿರುವ ಮಗನಿಗೆ ಬುದ್ಧಿ ಹೇಳುವ ದನಿಯಲ್ಲೇ ಸತ್ತ ಮಗನ ಹತ್ತಿರ ಮಾತಾಡುತ್ತಾನೆ. ನಮ್ಮ ಓದುಬಳಗದಲ್ಲಿ ಒಬ್ಬ ಹುಡುಗಿ ಕೇಳಿದಳು: 'ಸರ, ಮಗನ ಹೆಣದ ಮುಂದ ನಿಂತಾನ, ಆದ್ರೂ ಅವಗ ಸಿಟ್ಟ ಯಾಕ ಬರವಲ್ದು?' ಬಹಳ ಒಳ್ಳೆಯ ಪ್ರಶ್ನೆ. ಸಿಟ್ಟು ಬರುವುದು ಭೀಷ್ಮನ ಮುಂದೆ. ಇಲ್ಲಿ ಅವನು ಅಪ್ಪ, ಅಷ್ಟೇ.

ಆಮೇಲೆ ದುಶ್ಶಾಸನ. ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಒಳ್ಳೆಯ ಊಟ ಪಾನ ಎಲ್ಲವೂ ಮೊದಲು ನನಗೆ, ಆಮೇಲೆ ನಿನಗೆ. ಚಿಕ್ಕಂದಿನಿಂದ ಎಲ್ಲೂ ನೀನು ನಡತೆ ಮೀರಲಿಲ್ಲ. ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋದೆ. ಇದೊಂದು ಕಡೆ ಸರದಿ ತಪ್ಪಿತಲ್ಲ, ಹಾ ವತ್ಸ ದುಶ್ಶಾಸನಾ ಎಂದು ಪದ್ಯ ಮುಗಿಯುತ್ತದೆ.

ಈ ಎರಡು ಪದ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿ. ಮಗನ ಹತ್ತಿರವೂ ಸರದಿ ತಪ್ಪಿತು ಎನ್ನುತ್ತಾನೆ, ತಮ್ಮನ ಹತ್ತಿರವೂ ಅದನ್ನೇ ಎನ್ನುತ್ತಾನೆ. ಹಿಂದೆ ಬರಬೇಕಾದವರು ಮುಂದೆ ಹೋಗಿದ್ದಾರೆ. ಮುಂದೆ ಹೋಗಬೇಕಾದವನು ಹಿಂದೆ ಉಳಿದಿದ್ದಾನೆ. ಅಭಿಮನ್ಯುವಿನ ಹತ್ತಿರ ಕೇಳಿದ್ದೂ ಸಾವನ್ನೇ. ದುರ್ಯೋಧನನಿಗೆ ತಾನು ಬದುಕಿರುವುದೇ ತಪ್ಪು ಎನಿಸಲು ಶುರುವಾಗಿದೆ. ನಾವು ಛಲ ಅನ್ನುವುದರ ಬೇರು ಇಲ್ಲಿದೆ. ಕರ್ಣನ ಹತ್ತಿರ ಬಂದಾಗ ಅದು ತುದಿ ಮುಟ್ಟುತ್ತದೆ. ನೀನು ಯಾರು ಎಂಬುದು ನನಗೆ ಗೊತ್ತಿತ್ತು ಎಂದು ಹೇಳಿಕೊಳ್ಳುತ್ತಾನೆ. ಗೊತ್ತಿದ್ದೂ ಗೆಳೆತನ ಬಿಡಲಿಲ್ಲ. ಗೊತ್ತಿದ್ದೂ ಅಣ್ಣನನ್ನು ತಮ್ಮಂದಿರ ಮೇಲೆ ಯುದ್ಧಕ್ಕೆ ಬಿಟ್ಟ. ಎರಡೂ ನಿಜ. ರನ್ನ ಎರಡನ್ನೂ ಒಂದೇ ಬಾಯಲ್ಲಿ ಹೇಳಿಸುತ್ತಾನೆ, ತೀರ್ಪು ಕೊಡುವುದಿಲ್ಲ.

ಭೀಷ್ಮನ ಮುಂದೆ

ಹತ್ತನೇ ತರಗತಿಯಲ್ಲಿ 'ಛಲಮನೆ ಮೆರೆವೆಂ' ಓದಿದವರಿಗೆ ಈ ಭಾಗ ನೆನಪಿದ್ದೀತು. ನಾವು ಪಠ್ಯದಲ್ಲಿ ನೇರ ಇಲ್ಲಿಗೇ ಬಂದೆವು, ದಾರಿಯ ಹೆಣಗಳನ್ನು ನೋಡಲಿಲ್ಲ. ಹಾಗಾಗಿ ದುರ್ಯೋಧನ ನಮಗೆ ಬರೀ ಹಟಮಾರಿಯಾಗಿ ಕಂಡ, ಅಲ್ವಾ? ಅಜ್ಜ ಸಂಧಿ ಮಾಡಿಸುತ್ತೇನೆ ಎಂದಾಗ ಮೊಮ್ಮಗ ಹೇಳುತ್ತಾನೆ: ನಿಮಗೆ ನಮಸ್ಕಾರ ಮಾಡಿ ಹೋಗಲು ಬಂದೆ ಅಜ್ಜ, ಶತ್ರುಗಳ ಜೊತೆ ಸಂಧಿ ಮಾಡಿಕೊಳ್ಳಲು ಬಂದೆನೇ? ಆಮೇಲೆ ಆ ಪ್ರಸಿದ್ಧ ಪದ್ಯ.

ನೆಲಕಿರಿವೆನೆಂದು ಬಗೆದಿರೆ
ಚಲಕಿರಿವೆಂ ಪಾಂಡುಸುತರೊಳೀ ನೆಲನಿದು ಪಾಳ್
ನೆಲನೆನಗೆ ದಿನಪಸುತನಂ
ಕೊಲಿಸಿದ ನೆಲದೊಡನೆ ಮತ್ತೆ ಪುದುವಾಳ್ದಪೆನೇ

ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ? ಛಲಕ್ಕಾಗಿ ಹೋರಾಡುತ್ತೇನೆ. ಈ ನೆಲ ನನಗೆ ಪಾಳು ನೆಲ. ಕರ್ಣನನ್ನು ಕೊಲ್ಲಿಸಿದ ನೆಲದ ಜೊತೆ ಮತ್ತೆ ಕೂಡಿ ಬಾಳುವೆನೇ?

ಸೂಜಿಮೊನೆಯಷ್ಟು ನೆಲವನ್ನೂ ಕೊಡೆನು ಎಂದವನ ಮಾತು ಇದು. ಯುದ್ಧ ಶುರುವಾದ ಕಾರಣವನ್ನೇ ಅವನು ಬಿಟ್ಟುಕೊಟ್ಟಿದ್ದಾನೆ. ನನ್ನ ಪ್ರೀತಿಯ ಗೆಳೆಯನನ್ನು, ನನ್ನ ಪ್ರೀತಿಯ ತಮ್ಮನನ್ನು ಕೊಂದ ಪಾರ್ಥ ಭೀಮರು ಇರುವ ತನಕ ಸಂಧಿ ಒಲ್ಲೆ ಎನ್ನುತ್ತಾನೆ. ಆ ಗೆಳೆಯ, ಆ ತಮ್ಮ ಯಾರು? ಈಗಷ್ಟೇ ದಾರಿಯಲ್ಲಿ ಹೆಣವಾಗಿ ಕಂಡ ಕರ್ಣ, ದುಶ್ಶಾಸನರೇ. ಈ ಸಂಬಂಧವನ್ನು ಉತ್ತರದಲ್ಲಿ ತೋರಿಸಿದರೆ ಸಾಕು, ನಿಮ್ಮ ಉತ್ತರ ಬೇರೆಯೇ ಆಗುತ್ತದೆ. ಸಂಧಿ ಮಾಡಿಕೊಂಡರೆ ಅವನು ಸರದಿ ತಪ್ಪಿ ಉಳಿದವನಾಗಿಯೇ ಬಾಳಬೇಕು. ಅದು ಅವನಿಂದ ಆಗದ ಕೆಲಸ.

ಆದರೆ ಇಲ್ಲೇ ಅವನ ದೊಡ್ಡ ಕುರುಡೂ ಇದೆ. 'ಕೊಲಿಸಿದ ನೆಲ' ಎಂಬುದನ್ನು ಇನ್ನೊಮ್ಮೆ ಓದಿ. ಕರ್ಣನನ್ನು ಕೊಲ್ಲಿಸಿದ್ದು ನೆಲವಂತೆ! ಆ ನೆಲದ ಆಸೆ ಯಾರದಾಗಿತ್ತು? ನಾನು ಕೊಲ್ಲಿಸಿದೆ ಎಂಬ ಮಾತು ಈ ಪದ್ಯದಲ್ಲಿ ಅವನ ಬಾಯಿಗೆ ಬರುವುದಿಲ್ಲ. ಅಷ್ಟು ಅಳುವವನು, ಅಷ್ಟು ಪ್ರೀತಿಸುವವನು, ಈ ಒಂದು ಹೆಜ್ಜೆ ಇಡುವುದಿಲ್ಲ. ಮಹಾನುಭಾವ ಎಂದು ಹೊಗಳುವ ಉತ್ತರಗಳೂ ಇದನ್ನು ಬಿಡುತ್ತವೆ, ಖಳ ಎಂದು ಬೈಯುವ ಉತ್ತರಗಳೂ ಬಿಡುತ್ತವೆ. ನನಗೆ ಈ ಪಾತ್ರ ಜೀವಂತ ಎನಿಸುವುದು ಇದೇ ಕಾರಣಕ್ಕೆ.

ನೀರೊಳಗಿನ ಬೆವರು

ಭೀಷ್ಮ ಕೊಟ್ಟ ಜಲಮಂತ್ರದ ಬಲದಿಂದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಭೀಮ ದಂಡೆಗೆ ಬಂದು ಗರ್ಜಿಸುತ್ತಾನೆ.

ಆ ರವಮಂ ನಿರ್ಜಿತಕಂ-
ಠೀರವರವಮಂ ನಿರಸ್ತಘನರವಮಂ ಕೋ-
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ಸಿಂಹದ ಗರ್ಜನೆಯನ್ನೂ ಗುಡುಗನ್ನೂ ಸೋಲಿಸಿದ ಆ ಸದ್ದನ್ನು ಕೇಳಿ, ಕೋಪದಿಂದ ಕಣ್ಣು ಕೆಂಪಾಗಿ, ನೀರೊಳಗಿದ್ದೂ ಬೆವರಿದ ಹಾವಿನ ಬಾವುಟದವನು. ಇದನ್ನು ಜೋರಾಗಿ ಓದಬೇಕು. 'ರವ' ನಾಲ್ಕು ಸಲ ಬರುತ್ತದೆ, ಸದ್ದು ಒಂದರ ಮೇಲೊಂದು ಬಂದು ಬಡಿಯುತ್ತದೆ. ಕಂದಪದ್ಯದ ನಾಲ್ಕೂ ಸಾಲಿನಲ್ಲಿ ಎರಡನೇ ಅಕ್ಷರ ರಕಾರ: ಆರ, ಠೀರ, ಪಾರು, ನೀರೊ. ಪ್ರಾಸಕ್ಕಾಗಿ ತುರುಕಿದ್ದಲ್ಲ, ಆ ಗರ್ಜನೆಯೇ ಪ್ರಾಸವಾಗಿದೆ. ಕೇಳಿದವನ ಹೆಸರು ಕಟ್ಟಕಡೆಗೆ ಬರುತ್ತದೆ.

ಬೆವರಿದ್ದು ಹೆದರಿಕೆಗೋ ಸಿಟ್ಟಿಗೋ ಎಂಬ ಚರ್ಚೆ ಎಲ್ಲ ತರಗತಿಯಲ್ಲೂ ನಡೆಯುತ್ತದೆ. ಕವಿ 'ಕೋಪಾರುಣನೇತ್ರಂ' ಎಂದು ಬಿಡಿಸಿಯೇ ಹೇಳಿದ್ದಾನೆ, ಹಾಗಾಗಿ ನಾನು ಸಿಟ್ಟಿನ ಕಡೆ. ಸಾವನ್ನು ಕೇಳಿಕೊಂಡು ಬಂದವನಿಗೆ ಹೆದರಿಕೆ ಎಲ್ಲಿಯದು? ಅಡಗಿ ಕೂತಿರಬೇಕಾದ ಅವಮಾನ ಆ ಬೆವರಿನಲ್ಲಿದೆ.

ಭೀಮನ ಪಾತ್ರವನ್ನು ಕೈಬಿಡಬೇಡಿ

ಬಿ.ಎಂ.ಶ್ರೀ ಅವರು ರನ್ನನ ಪದ್ಯಗಳಿಂದಲೇ 'ಗದಾಯುದ್ಧ ನಾಟಕಂ' ಕಟ್ಟಿ, ಇದರೊಳಗಿನ ರುದ್ರನಾಟಕವನ್ನು, ಅಂದರೆ ಟ್ರ್ಯಾಜಿಡಿಯನ್ನು, ತೋರಿಸಿದರು. ಅಂದಿನಿಂದ ನಮ್ಮ ಕಣ್ಣೆಲ್ಲ ದುರ್ಯೋಧನನ ಮೇಲೆ. ಆದರೆ ಕೃತಿಯ ಲೆಕ್ಕದಲ್ಲಿ ನಾಯಕ ಭೀಮನೇ. ಪಂಪ ಅರ್ಜುನನಿಗೆ ಪಟ್ಟ ಕಟ್ಟಿದ ಹಾಗೆ ರನ್ನ ಕೊನೆಗೆ ಭೀಮನಿಗೆ ಪಟ್ಟ ಕಟ್ಟುತ್ತಾನೆ. ಇದನ್ನು ಬರೀ ರಾಜಭಕ್ತಿ ಎಂದು ತಳ್ಳಿಹಾಕುವುದು ಸರಿಯಲ್ಲ. ದ್ರೌಪದಿಯ ಬಿಚ್ಚಿದ ಮುಡಿಗೆ ಉತ್ತರ ಕೊಟ್ಟವನು ಅವನೊಬ್ಬನೇ. ಧರ್ಮರಾಯ ಸಂಧಿಗೆ ಒಪ್ಪಿಬಿಟ್ಟಾನು ಎಂಬ ಅಳುಕು ಅವಳಿಗೆ ಇದ್ದೇ ಇದೆ. ದುರ್ಯೋಧನನಿಗೆ ಕರ್ಣನ ಸಾವು ಹೇಗೋ ಭೀಮನಿಗೆ ಆ ಮುಡಿ ಹಾಗೆ. ನೆಲ ಸಿಕ್ಕರೂ ಇಬ್ಬರಿಗೂ ಸಮಾಧಾನ ಇಲ್ಲ. ಪಾಂಡವರಲ್ಲಿ ನಿನಗೆ ಬೇಕಾದವರನ್ನು ಎದುರಾಳಿಯಾಗಿ ಆರಿಸಿಕೋ ಎಂದಾಗ ದುರ್ಯೋಧನ ಸುಲಭದ ಎದುರಾಳಿಯನ್ನು ಬಿಟ್ಟು ಭೀಮನನ್ನೇ ಕೇಳುತ್ತಾನೆ. ಅವನಿಗೂ ಬೇಕಾದವನು ಅವನೇ.

ಪಾತ್ರ ಹೋಲಿಕೆಯ ಪ್ರಶ್ನೆ ಬಂದರೆ ಈ ಆಯ್ಕೆಯಿಂದಲೇ ಉತ್ತರ ಶುರು ಮಾಡಿ. ಪದ್ಯಗಳಲ್ಲಿ 'ಜನಕಂಗೆ ಜಲಾಂಜಲಿಯಂ' ಮತ್ತು 'ನೆಲಕಿರಿವೆನೆಂದು' ಎರಡನ್ನೂ ಬರೆಯಿರಿ, ಬಿಡಿಬಿಡಿಯಾಗಿ ಅಲ್ಲ, ಒಂದರ ಹಿಂದೆ ಒಂದು. ಸಮಯ ಉಳಿದರೆ ದುಶ್ಶಾಸನನ ಪದ್ಯದ ಭಾವವನ್ನು ನಿಮ್ಮ ಮಾತಿನಲ್ಲಿ ಸೇರಿಸಿ. ಛಲದಂಕಮಲ್ಲ ಎಂಬ ಬಿರುದು ಕೊನೆಯ ಸಾಲಿಗೆ ಬಂದರೂ ನಡೆಯುತ್ತದೆ.